ಕಾರಿಗೆ ನೆಲ ಯಾವುದು?

ಭಾನುವಾರದ ಬೆಳಗು. ಮೈಸೂರಿನ ಸಂಸಾರವೊಂದು ಕಾರಿನಲ್ಲಿ ತಲಕಾಡಿಗೆ ಹೊರಟಿದೆಯೆನ್ನೋಣ. ಟಿ. ನರಸೀಪುರ ದಾಟಿ ಹೆಮ್ಮಿಗೆಯ ಗದ್ದೆಬಯಲು ಕಾಣುವ ಹೊತ್ತಿಗೆ, ಹೊಸದಾಗಿ ಕೂಡಿಸಿದ ಆಂಪ್ಲಿಫೈಯರಿನಲ್ಲಿ ಹಾಡಿನೊಡನೆ 'ಕುಂಯ್' ಎಂಬ ಇನ್ನೊಂದು ದನಿಯೂ ಸೇರಿಕೊಂಡಿದೆ. ಆಕ್ಸಿಲರೇಟರ್ ಒತ್ತಿದರೆ ಅದರ ಶ್ರುತಿ ಏರುತ್ತದೆ. ಕಾಲು ತೆಗೆದರೆ ಇಳಿಯುತ್ತದೆ. "ಸ್ಪೀಕರೇ ಕೆಟ್ಟಿರಬೇಕು, ನೋಡಿ" ಎಂದು ಮನೆಯಾಕೆ. "ಅಂಗಡಿಯವನು ಮೋಸ ಮಾಡಿದ" ಎಂದು ಯಜಮಾನರು. ಬಹುಮಟ್ಟಿಗೆ ಎರಡೂ ಅಲ್ಲ. ದೋಷವಿರುವುದು ಡಿಕ್ಕಿಯ ಚಾಪೆಯಡಿ, ಒಂದು ಬೋಲ್ಟಿನ ಕೆಳಗೆ.

ಮನೆಯ ಅರ್ತ್ ತಂತಿ ಹಿತ್ತಿಲಿನ ಗುಂಡಿಯಲ್ಲಿ, ಇದ್ದಿಲು ಉಪ್ಪುಗಳ ನಡುವೆ, ನಿಜವಾಗಿಯೇ ನೆಲ ಸೇರುತ್ತದೆ. ಕಾರಾದರೋ ರಬ್ಬರ್ ಚಕ್ರಗಳ ಮೇಲೆ ನಿಂತದ್ದು. ಅದಕ್ಕೆ ತನ್ನ ಉಕ್ಕಿನ ಒಡಲೇ ನೆಲ. ಬ್ಯಾಟರಿಯ ಋಣ ತುದಿಯನ್ನು ಆ ಒಡಲಿಗೆ ಬಿಗಿದಿರುತ್ತಾರೆ. ಧನ ತಂತಿಯಲ್ಲಿ ಹೊರಟ ವಿದ್ಯುತ್ತು ದೀಪ, ಹಾರನ್, ರೇಡಿಯೋಗಳಲ್ಲಿ ದುಡಿದು ಒಡಲಿನ ಮೂಲಕವೇ ಬ್ಯಾಟರಿಗೆ ಮರಳುತ್ತದೆ. ಹೋಗುವ ತಂತಿಯನ್ನು ದಪ್ಪನಾಗಿ ಎಳೆಯುವವರು ಬರುವ ದಾರಿಯನ್ನು ಮಾತ್ರ ಮರೆಯುವುದುಂಟು.

ಲೆಕ್ಕ ಹಾಕಿದರೆ ಈ ಮರೆವಿನ ಬೆಲೆ ತಿಳಿಯುತ್ತದೆ. ಆಂಪ್ಲಿಫೈಯರು 30 ಆಂಪಿಯರ್ ಎಳೆಯುತ್ತಿದ್ದು, ಬಣ್ಣದ ಮೇಲೆಯೇ ಕೂರಿಸಿದ ಬೋಲ್ಟಿನ ಸಂದಿನಲ್ಲಿ ಕೇವಲ 0.1 ಓಮ್ ರೋಧವಿದ್ದರೂ, 12 ವೋಲ್ಟಿನಲ್ಲಿ 3 ವೋಲ್ಟ್ ಅಲ್ಲಿಯೇ ನಷ್ಟ. ಜೊತೆಗೆ 90 ವಾಟ್ ಶಾಖ! ಬೆಸುಗೆಯ ಕಡ್ಡಿ ಕಾಯಲು ಇದಕ್ಕಿಂತ ಕಡಮೆ ಸಾಕು. ಬೋಲ್ಟಿನ ಪಕ್ಕದಲ್ಲಿರುವುದು ಚಾಪೆ.

ಇನ್ನು ಆ 'ಕುಂಯ್'. ಆಲ್ಟರ್ನೇಟರ್ ಹುಟ್ಟಿಸುವುದು ಏಸಿ ವಿದ್ಯುತ್ತನ್ನು. ಡಯೋಡುಗಳು ಅದನ್ನು ಡೀಸಿಯಾಗಿಸಿದರೂ ಸಣ್ಣ ಅಲೆಯೊಂದು ಉಳಿದು, ಎಂಜಿನ್ನಿನ ವೇಗದೊಡನೆ ಏರಿಳಿಯುತ್ತದೆ. ಮುಂದಿನ ರೇಡಿಯೋ ಮತ್ತು ಹಿಂದಿನ ಆಂಪ್ಲಿಫೈಯರು ಒಡಲನ್ನು ಸೇರುವ ಎರಡು ತಾಣಗಳ ವೋಲ್ಟೇಜು ಕೂದಲೆಳೆಯಷ್ಟು ಬೇರೆಯಾದರೂ, ಅವೆರಡನ್ನು ಕೂಡಿಸುವ ಕೇಬಲ್ಲಿನ ಹೊರಕವಚದಲ್ಲಿ ಆ ಅಲೆ ಹರಿಯತೊಡಗುತ್ತದೆ. ಪಾಪ, ಆಂಪ್ಲಿಫೈಯರಿಗೆ ಹಾಡು ಯಾವುದು, ಆಲ್ಟರ್ನೇಟರ್ ಯಾವುದು ಎಂಬ ವಿವೇಕವಿಲ್ಲ. ಎರಡನ್ನೂ ಹಿಗ್ಗಿಸಿ ಹಾಡುತ್ತದೆ.

ಪರಿಹಾರ ಅಗ್ಗದ್ದು. ಮೊದಲು ಬ್ಯಾಟರಿಯ ಋಣ ತಂತಿಯನ್ನು ಕಳಚಬೇಕು. ಧನ ತಂತಿಗೆ ಮೊದಲು ಕೈಹಾಕಿದರೆ, ಸ್ಪ್ಯಾನರ್ ಜಾರಿ ಒಡಲಿಗೆ ತಾಗಿದೊಡನೆ ಕಿಡಿಯೇಳುತ್ತದೆ. ಆಮೇಲೆ ದಪ್ಪ ತಗಡಿನ ಜಾಗವೊಂದನ್ನು ಎಮರಿ ಕಾಗದದಿಂದ ಉಜ್ಜಿ, ಬಣ್ಣ ಹೋಗಿ ಲೋಹ ಹೊಳೆದ ಮೇಲೆ, ಹಲ್ಲಿನ ವಾಷರ್ ಸಹಿತ ಬೋಲ್ಟ್ ಬಿಗಿಯಬೇಕು. ಋಣ ತಂತಿ ಧನ ತಂತಿಯಷ್ಟೇ ದಪ್ಪವಿರಲಿ. ಉದ್ದ ಅರ್ಧ ಮೀಟರನ್ನು ಮೀರದಿರಲಿ. ಹೆಮ್ಮಿಗೆಯಂಥ ನದೀತೀರದ ತೇವದಲ್ಲಿ ನಿಲ್ಲುವ ಕಾರಾದರೆ ಮೇಲೆ ಗ್ರೀಸ್ ಸವರುವುದು ಲೇಸು. ಉಜ್ಜಿದ ಜಾಗಕ್ಕೆ ತುಕ್ಕು ಬೇಗ ಹಿಡಿಯುತ್ತದೆ. ಸೀಟ್ ಬೆಲ್ಟಿನ ಬೋಲ್ಟು ಕೈಗೆ ಸಿಕ್ಕುತ್ತದೆಂದು ಅದಕ್ಕೆ ತಂತಿ ಸಿಕ್ಕಿಸಕೂಡದು: ಅದು ಪ್ರಾಣ ಹಿಡಿದಿಡುವ ಬೋಲ್ಟು. ಧನ ತಂತಿಗೆ ಬ್ಯಾಟರಿಯ ಬಳಿಯಲ್ಲೇ ಫ್ಯೂಸ್ ಇರಲೇಬೇಕು.

ಅಜ್ಜನ ಕಾಲದ ಕಾರನ್ನು ಉಳಿಸಿಕೊಂಡವರಿಗೆ ಮತ್ತೊಂದು ಮಾತು. 1950ರ ದಶಕದ ಅನೇಕ ಬ್ರಿಟಿಷ್ ಕಾರುಗಳಲ್ಲಿ ಒಡಲಿಗೆ ಬಿಗಿದಿರುವುದು ಋಣ ತುದಿಯಲ್ಲ, ಧನ ತುದಿ. ಅಂಥ ಕಾರಿಗೆ ಇಂದಿನ ಆಂಪ್ಲಿಫೈಯರನ್ನು ನೋಡದೆ ಜೋಡಿಸಿದರೆ 'ಕುಂಯ್' ಎನ್ನಲೂ ಅದು ಉಳಿಯದೆ ಹೋಗಬಹುದು.