ಧೂಳಿನ ಊರಿನಲ್ಲಿ ಮಿರರ್‌ಲೆಸ್ ಕ್ಯಾಮೆರಾ

ಶಾಲಾ ವಾರ್ಷಿಕೋತ್ಸವಕ್ಕೆಂದು ಮಿರರ್‌ಲೆಸ್ ಕ್ಯಾಮೆರಾ ಕೊಳ್ಳುವ ಪಾಲಕರು ಲೆನ್ಸಿನ ಬೆಲೆಯನ್ನು ವಿಚಾರಿಸುತ್ತಾರೆ, ಧೂಳಿನ ಯೋಚನೆ ಮಾಡುವುದಿಲ್ಲ. ಕರಣಕೋಟದಲ್ಲಿ ಸಿಮೆಂಟ್ ಕಾರ್ಖಾನೆಯಿದೆ, ಪಕ್ಕದ ತಾಂಡೂರಿನಲ್ಲಿ ಹಾಸುಗಲ್ಲಿನ ಪಾಲಿಶ್ ಘಟಕಗಳಿವೆ. ನಮಗೆ ಅದೇ ಮೊದಲ ಪ್ರಶ್ನೆ.

ಡಿಎಸ್‌ಎಲ್‌ಆರ್‌ನಲ್ಲಿ ಲೆನ್ಸ್ ತೆಗೆದರೂ ಸೆನ್ಸರಿನ ಮುಂದೆ ಕನ್ನಡಿಯೂ ಷಟರಿನ ಪರದೆಯೂ ಅಡ್ಡವಿರುತ್ತವೆ. ಮಿರರ್‌ಲೆಸ್‌ನಲ್ಲಿ ಕನ್ನಡಿಯಿಲ್ಲ, ಹಲವು ಮಾದರಿಗಳಲ್ಲಿ ಷಟರೂ ತೆರೆದಿರುತ್ತದೆ. 2018ರ ಕ್ಯಾನನ್ ಇಒಎಸ್ ಆರ್‌ನಂತಹವು ಸ್ವಿಚ್ ಆರಿಸಿದೊಡನೆ ಪರದೆ ಮುಚ್ಚುತ್ತವೆ; ಕೊಳ್ಳುವಾಗ ಈ ಸೌಲಭ್ಯವನ್ನು ಕೇಳಿರಿ. ಆ ಪರದೆಯೂ ನಾಜೂಕು, ಬೆರಳು ತಾಗಬಾರದು.

ಲೆನ್ಸನ್ನು ಮನೆಯೊಳಗೆ, ಫ್ಯಾನ್ ನಿಲ್ಲಿಸಿ, ಕ್ಯಾಮೆರಾವನ್ನು ಕೆಳಮುಖವಾಗಿ ಹಿಡಿದು ಬದಲಿಸಿರಿ. ಆಗಾಗ ಎಫ್/16ರಲ್ಲಿ ಬಿಳಿಗೋಡೆಯ ಚಿತ್ರ ತೆಗೆದು ಪರೀಕ್ಷಿಸಿರಿ. ಕಪ್ಪು ಚುಕ್ಕೆ ಕಂಡರೆ ರಬ್ಬರ್ ಬ್ಲೋವರಿನಿಂದ ಗಾಳಿ ಹಾಯಿಸಿರಿ. ಬಾಯಿಂದ ಊದಿದರೆ ಎಂಜಲು ಸಿಡಿಯುತ್ತದೆ. ಬಟ್ಟೆಯಿಂದ ಒರೆಸಿದರೆ ಧೂಳಿನ ಕಣವೇ ಸೆನ್ಸರಿನ ಮೇಲ್ಗಾಜನ್ನು ಗೀರಬಹುದು. ಹೋಗದ ಕಲೆಯನ್ನು ಸರ್ವಿಸ್ ಕೇಂದ್ರಕ್ಕೆ ಬಿಡಿರಿ.

ಬಿಲ್ಲು, ವಾರಂಟಿ ಪತ್ರಗಳನ್ನು ಜೋಪಾನವಾಗಿಡಿರಿ. ತಯಾರಿಕೆಯ ದೋಷವಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯನ್ವಯ, ಕಾರಣ ಉಂಟಾದ 2 ವರ್ಷಗಳೊಳಗೆ ದೂರು ಸಲ್ಲಿಸಬಹುದು. ನಮ್ಮ ಕೈಯಿಂದಲೇ ಬಿದ್ದ ಗೀರು ಮಾತ್ರ ತಯಾರಿಕೆಯ ದೋಷವೆನಿಸದು.