ಘಾಟಿಯಲ್ಲಿ ಮೊದಲ ದಾರಿ ಯಾರಿಗೆ?

"ಇಲ್ಲಿ ಟೆಸ್ಟ್ ಕೊಡುವ ರಗಳೆ ಯಾಕೆ? ರಜೆಗೆ ಊರಿಗೆ ಹೋದಾಗ ಲೈಸೆನ್ಸ್ ಮಾಡಿಸಿಕೊಂಡು ಬಂದರಾಯಿತು. ಅಲ್ಲಿ ನಮ್ಮವರೊಬ್ಬರು ಗೊತ್ತಿದ್ದಾರೆ." ಹೊರರಾಜ್ಯದಲ್ಲಿರುವ ಕನ್ನಡಿಗರ ಮನೆಗಳಲ್ಲಿ ಈ ಮಾತು ಕೇಳದವರು ಕಡಿಮೆ. ಇದರಲ್ಲಿ 'ಮಾಡಿಸಿಕೊಂಡು' ಎನ್ನುವ ಪದ ಗಮನಿಸಿ. ರೇಷನ್ ಕಾರ್ಡ್ ಮಾಡಿಸುತ್ತೇವೆ, ಪಾನ್ ಕಾರ್ಡ್ ಮಾಡಿಸುತ್ತೇವೆ, ಅದೇ ಸಾಲಿನಲ್ಲಿ ಲೈಸೆನ್ಸನ್ನೂ ಕೂರಿಸಿಬಿಟ್ಟಿದ್ದೇವೆ. ಪಿಯುಸಿ ಪಾಸು ಮಾಡಿಸಿಕೊಂಡು ಬರುತ್ತೇನೆ ಎಂದು ಮಗ ಹೇಳಿದರೆ ನಾವು ಒಪ್ಪುತ್ತೇವೆಯೇ?

ಮೊದಲು ಕಾನೂನಿನ ಮಾತು. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ, ನಾವು ವಾಸವಿರುವ ಅಥವಾ ದುಡಿಯುವ ಜಾಗದಲ್ಲೇ ಲೈಸೆನ್ಸಿಗೆ ಅರ್ಜಿ ಹಾಕಬೇಕು. 2019ರ ತಿದ್ದುಪಡಿಯ ನಂತರ ಆ ರಾಜ್ಯದ ಯಾವುದೇ ಆರ್‌ಟಿಒ ಆಗಬಹುದು. ಹತ್ತು ವರ್ಷದಿಂದ ಪುಣೆಯಲ್ಲಿರುವವರಿಗೆ ಪುಣೆಯೇ ಊರು. ಆಧಾರ್‌ನಲ್ಲಿ ಇನ್ನೂ ಹಳೆಯ ವಿಳಾಸವಿದ್ದರೆ ಮೊದಲು ಅದನ್ನು ಬದಲಿಸಿಕೊಳ್ಳಿ, ಮುಂದಿನ ಕೆಲಸ ಹಗುರಾಗುತ್ತದೆ. ಕರ್ನಾಟಕದ ಲೈಸೆನ್ಸ್ ಆಗಲೇ ಇದ್ದರೆ ಚಿಂತೆ ಬೇಡ, ಅದು ದೇಶವಿಡೀ ನಡೆಯುತ್ತದೆ.

ಕಳೆದ ವರ್ಷ ನನ್ನ ಹೆಂಡತಿ ಪುಣೆಯಲ್ಲೇ ಟೆಸ್ಟ್ ಕೊಡುತ್ತೇನೆಂದು ಹಟ ಹಿಡಿದಳು. ಸಾರಥಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಿದ್ದಾಯಿತು. ಮೊದಲನೆಯದು ಕಲಿಕಾ ಪರವಾನಗಿ, ಅಂದರೆ ಎಲ್ಎಲ್. ಕಂಪ್ಯೂಟರ್ ಮುಂದೆ 15 ಪ್ರಶ್ನೆ, 9 ಸರಿಯಾದರೆ ಪಾಸು. ಅವಳು ನಾಲ್ಕು ದಿನ ಸಂಜೆ ಕೂತು ಓದಿದಳು. ನಾನು ಪಕ್ಕದಲ್ಲಿ ಕೂತು ಪ್ರಶ್ನೆ ಕೇಳುವ ಮೇಷ್ಟ್ರು.

ಚಿಹ್ನೆಗಳಿಗೆ ಒಂದು ಸರಳ ಸೂತ್ರವಿದೆ. ಕೆಂಪು ಅಂಚಿನ ವೃತ್ತ ಆಜ್ಞೆ, ತ್ರಿಕೋನ ಎಚ್ಚರಿಕೆ, ನೀಲಿ ಆಯತ ಮಾಹಿತಿ. ಎಂಟು ಮೂಲೆಯ ಕೆಂಪು ಫಲಕ ಕಂಡರೆ ನಿಲ್ಲಬೇಕು. ತಲೆಕೆಳಗಾದ ತ್ರಿಕೋನ ಕಂಡರೆ ಬೇರೆ ವಾಹನಗಳಿಗೆ ದಾರಿ ಬಿಡಬೇಕು. ಇಷ್ಟು ಮನಸ್ಸಿನಲ್ಲಿದ್ದರೆ ನೂರು ಚಿತ್ರಗಳನ್ನು ಬಾಯಿಪಾಠ ಮಾಡಬೇಕಿಲ್ಲ.

ಓದುವಾಗ ಒಂದು ಪ್ರಶ್ನೆ ನಮ್ಮಿಬ್ಬರನ್ನೂ ಹಿಡಿದು ನಿಲ್ಲಿಸಿತು. ಕಿರಿದಾದ ಘಾಟಿ ರಸ್ತೆಯಲ್ಲಿ ಎದುರುಬದುರಾದ ಎರಡು ವಾಹನಗಳಲ್ಲಿ ಮೊದಲ ದಾರಿ ಯಾರಿಗೆ? ಉತ್ತರ, ಏರುತ್ತಿರುವ ವಾಹನಕ್ಕೆ. ಇಳಿಯುವವರು ನಿಂತು ಬಿಟ್ಟುಕೊಡಬೇಕು. ಕಾರಣ ಸರಳ. ಏರಿನಲ್ಲಿ ಒಮ್ಮೆ ನಿಂತ ಗಾಡಿಯನ್ನು ಮತ್ತೆ ಎಬ್ಬಿಸುವುದು ಕಷ್ಟ, ಸ್ವಲ್ಪ ಎಡವಿದರೂ ಹಿಂದಕ್ಕೆ ಜಾರುತ್ತದೆ. ನಾವು ಹಬ್ಬಕ್ಕೆ ಊರಿಗೆ ಹೋಗುವ ಆಗುಂಬೆ, ಚಾರ್ಮಾಡಿಯ ತಿರುವುಗಳಲ್ಲಿ ಇದು ಬದುಕುಳಿಯುವ ಪ್ರಶ್ನೆ. ಲೈಸೆನ್ಸ್ 'ಮಾಡಿಸಿಕೊಂಡ' ಎಷ್ಟು ಜನರಿಗೆ ಈ ನಿಯಮ ಗೊತ್ತಿದೆ ಎಂದು ಮುಂದಿನ ಸಲ ಘಾಟಿ ಇಳಿಯುವಾಗ ನೋಡಿ. ಹಾರ್ನ್ ಹೊಡೆದು ನುಗ್ಗುವವರೇ ಉತ್ತರ ಹೇಳುತ್ತಾರೆ.

ಎಲ್ಎಲ್ 6 ತಿಂಗಳು ನಡೆಯುತ್ತದೆ. ಸಿಕ್ಕ 30 ದಿನದ ನಂತರವೇ ಪಕ್ಕಾ ಲೈಸೆನ್ಸಿನ ಟೆಸ್ಟ್. ಈ ತಿಂಗಳನ್ನು ಕಾಯುವ ಅವಧಿ ಎಂದುಕೊಳ್ಳಬೇಡಿ, ಕಲಿಯುವ ಅವಧಿ. ಗಾಡಿಯ ಹಿಂದೆ ಮುಂದೆ ಬಿಳಿಯ ಮೇಲೆ ಕೆಂಪಿನ 'ಎಲ್' ಇರಬೇಕು, ಪಕ್ಕದಲ್ಲಿ ಲೈಸೆನ್ಸ್ ಇರುವವರು ಕೂತಿರಬೇಕು. ನಮ್ಮ ಭಾನುವಾರದ ಬೆಳಗುಗಳೆಲ್ಲ ಸೊಸೈಟಿಯ ಹಿಂದಿನ ಖಾಲಿ ರಸ್ತೆಯಲ್ಲೇ ಕಳೆದವು. ಗಂಡ ಹೆಂಡತಿಗೆ ಕಾರು ಕಲಿಸುವುದು ಸಂಸಾರಕ್ಕೆ ಒಳ್ಳೆಯದಲ್ಲ ಎಂದು ಎರಡನೇ ವಾರವೇ ಗೊತ್ತಾಯಿತು. ಡ್ರೈವಿಂಗ್ ಸ್ಕೂಲಿಗೆ ಸೇರಿಸಿದೆವು, ಮನೆಯಲ್ಲಿ ಶಾಂತಿ ನೆಲೆಸಿತು.

ಪುಣೆಯಲ್ಲಿ ಕಾರಿನ ಟೆಸ್ಟ್ ನಡೆಯುವುದು ಭೋಸರಿಯ ಟ್ರ್ಯಾಕಿನಲ್ಲಿ. ಇಂಥ ಟ್ರ್ಯಾಕುಗಳಲ್ಲಿ ಎಂಟರ ಆಕಾರದ ದಾರಿ, ರಿವರ್ಸ್‌ಗೆ 'ಎಚ್' ಆಕಾರದ ದಾರಿ, ಒಂದು ಏರು ಇರುತ್ತವೆ. ಅಂಚಿಗೆ ತಾಗಿದರೆ ಸೆನ್ಸರ್ ಹಿಡಿಯುತ್ತದೆ. ಅಲ್ಲಿ ಯಾರ ಪರಿಚಯವೂ ನಡೆಯುವುದಿಲ್ಲ, ನಡೆಯುವುದು ಕ್ಲಚ್ಚಿನ ಮೇಲಿನ ಪಾದ ಮಾತ್ರ. ಏರಿನಲ್ಲಿ ಗಾಡಿ ನಿಲ್ಲಿಸಿ, ಹಿಂದಕ್ಕೆ ಜಾರದಂತೆ ಹ್ಯಾಂಡ್‌ಬ್ರೇಕ್ ಬಿಟ್ಟು ಮುಂದೆ ಹೋಗಬೇಕು. ಕಂಪ್ಯೂಟರಿನಲ್ಲಿ ಟಿಕ್ ಹಾಕಿದ ಘಾಟಿಯ ಪ್ರಶ್ನೆಯನ್ನು ಇಲ್ಲಿ ಕಾಲು ಉತ್ತರಿಸಬೇಕು.

ಅವಳು ಮೊದಲ ಸಲ 'ಎಚ್'ನಲ್ಲಿ ಫೇಲಾದಳು. ಅತ್ತೆಯ ಫೋನು ಬಂತು, "ಅಷ್ಟು ಓದಿದವಳು ಹಿಂಗ್ಯಾಕೆ ಮಾಡ್ಕೊಂಡೆ? ನಾನು ಆವತ್ತೇ ಹೇಳಿದ್ದೆ, ಊರಿಗೆ ಬಾ ಅಂತ." ಆದರೆ ಫೇಲಾಗುವವರನ್ನು ಕಾಯ್ದೆಯೇ ಲೆಕ್ಕಕ್ಕಿಟ್ಟುಕೊಂಡಿದೆ. 7 ದಿನ ಬಿಟ್ಟು ಮತ್ತೆ ಕೊಡಬಹುದು. ಮೂರು ಸಲ ಆಗದಿದ್ದರೆ ಮಾತ್ರ 60 ದಿನ ಕಾಯಬೇಕು. ಅವಮಾನದ ಮಾತೇ ಇಲ್ಲ, ಇನ್ನಷ್ಟು ಅಭ್ಯಾಸ ಮಾಡಿ ಎನ್ನುವ ಸೂಚನೆ ಅಷ್ಟೆ. ನಮ್ಮ ಕೆಲಸದಲ್ಲೂ ಟೆಸ್ಟಿಂಗ್‌ನಲ್ಲಿ ಬಗ್ ಸಿಕ್ಕರೆ ಸಂತೋಷಪಡುತ್ತೇವೆ, ಗ್ರಾಹಕರ ಕೈಗೆ ಸಿಕ್ಕರಷ್ಟೇ ಸಂಕಟ. ರಸ್ತೆಯ ಮೇಲೆ ಸಿಗುವ ಬಗ್ಗಿಗೆ ಬೆಲೆ ತೆರುವವರು ಯಾರೋ ನಡೆದು ಹೋಗುತ್ತಿರುವವರು. 60 ಕಿಲೋಮೀಟರ್ ವೇಗದಲ್ಲಿ ಕಾರು ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಮುಂದೆ ಹೋಗಿರುತ್ತದೆ. ಬ್ರೇಕು ಯಾವುದೆಂದು ಯೋಚಿಸಲು ಅಷ್ಟು ಸಮಯ ಸಾಕು, ಅನಾಹುತಕ್ಕೂ ಸಾಕು.

ಎರಡನೇ ಸಲ ಪಾಸಾದಳು. ಕಾರ್ಡು ಬರುವ ಮೊದಲೇ ಡಿಜಿಲಾಕರ್‌ನಲ್ಲಿ ಲೈಸೆನ್ಸ್ ಕಾಣಿಸಿತು, ಅತ್ತೆಗೆ ಅದರ ಚಿತ್ರ ಹೋಯಿತು.

ನಲವತ್ತರ ಹೊಸ್ತಿಲಲ್ಲಿರುವ ಗೆಳೆಯರಿಗೆ, ಇನ್ನೂ ಮನಸ್ಸು ಮಾಡದ ಅಕ್ಕ, ಅತ್ತಿಗೆಯರಿಗೆ ಒಂದು ಮಾತು. 40 ದಾಟಿದರೆ ಅರ್ಜಿಯ ಜೊತೆ ವೈದ್ಯರ ಪ್ರಮಾಣಪತ್ರವೂ ಬೇಕು, ಆದ್ದರಿಂದ ತಡ ಮಾಡಬೇಡಿ. ನೀವಿರುವ ಊರಲ್ಲೇ ಓದಿ, ನೀವಿರುವ ಊರಲ್ಲೇ ಟೆಸ್ಟ್ ಕೊಡಿ. ದೀಪಾವಳಿಗೆ ಕಾರಿನಲ್ಲಿ ಊರಿಗೆ ಹೊರಟಾಗ ಹಿಂದಿನ ಸೀಟಿನಲ್ಲಿ ಮಲಗಿರುವ ಮಕ್ಕಳು ನಮ್ಮ ಕಾರ್ಡನ್ನು ನಂಬಿ ಮಲಗಿರುವುದಿಲ್ಲ, ನಮ್ಮ ಕೈಕಾಲನ್ನು ನಂಬಿ ಮಲಗಿರುತ್ತಾರೆ.