ಒಂದೇ ಅಂಗಳದ ಕೋಳಿಗಳಿಗೆ ಒಂದೇ ಚೀಲದ ಆಹಾರವೇ?

ಮಲೆನಾಡಿನ ಮನೆಯೊಂದರಲ್ಲಿ ಬೆಳಗಿನ ಹೊತ್ತು ಕೋಳಿಗೂಡಿನ ಬಾಗಿಲು ತೆಗೆದರೆ ಹೊರಬರುವುದು ಒಂದೇ ವಯಸ್ಸಿನ ಹಿಂಡಲ್ಲ. ವಾರದ ಹಿಂದೆ ಮೊಟ್ಟೆಯೊಡೆದು ಬಂದ ಮರಿಗಳು, ಅವುಗಳ ತಾಯಿ, ಇನ್ನೂ ಮೊಟ್ಟೆಯಿಡದ ಎಳೆ ಹೇಂಟೆಗಳು, ಮೊಟ್ಟೆಯಿಡುತ್ತಿರುವ ಎರಡು ಮೂರು ಹೇಂಟೆಗಳು, ಜೊತೆಗೊಂದು ಹುಂಜ. ಇಷ್ಟೂ ಜೀವಗಳು ಒಂದೇ ಹಿಡಿ ಅಕ್ಕಿನುಚ್ಚಿಗೆ ಮುಗಿಬೀಳುತ್ತವೆ. ದೊಡ್ಡ ಕೋಳಿಶೆಡ್ಡುಗಳಲ್ಲಿ ಈ ದೃಶ್ಯವಿಲ್ಲ. ಅಲ್ಲಿ ಸಾವಿರಾರು ಹಕ್ಕಿಗಳು ಒಟ್ಟಿಗೇ ಹುಟ್ಟಿ ಒಟ್ಟಿಗೇ ಶೆಡ್ಡನ್ನು ತೆರವು ಮಾಡುತ್ತವೆ. ಪೇಟೆಯ ಆಹಾರದ ಚೀಲ ರೂಪುಗೊಂಡದ್ದು ಆ ಶೆಡ್ಡಿಗಾಗಿಯೇ ಹೊರತು ಅಂಗಳಕ್ಕಾಗಿ ಅಲ್ಲ. ಈ ಸರಳ ಸಂಗತಿ ಮರೆತಾಗ ಬೆಲೆ ತೆರುವುದು ಮರಿಗಳು.

‘ಲೇಯರ್’ ಎಂದು ಗುರುತಿಸಿದ ಆಹಾರದಲ್ಲಿ ಕ್ಯಾಲ್ಸಿಯಂ ಶೇ. ೩.೫ರಿಂದ ೪ರವರೆಗೆ ಇರುತ್ತದೆ. ಮರಿಗೆ ಬೇಕಾದುದು ಸುಮಾರು ಶೇ. ೧ ಮಾತ್ರ. ವಾರಗಟ್ಟಲೆ ಈ ಆಹಾರವನ್ನೇ ತಿಂದ ಎಳೆಯ ಕೋಳಿಯ ಮೂತ್ರಪಿಂಡ ಹೆಚ್ಚುವರಿ ಸುಣ್ಣವನ್ನು ಹೊರಹಾಕಲಾರದೆ ಸೋಲುತ್ತದೆ; ಯೂರಿಕ್ ಆಮ್ಲ ದೇಹದಲ್ಲೇ ಉಳಿದು ಹೃದಯ, ಯಕೃತ್ತುಗಳ ಮೇಲೆ ಸುಣ್ಣ ಬಳಿದಂತೆ ಬೆಳ್ಳಗೆ ಕೂರುತ್ತದೆ. ಹೊರಗೆ ಕಾಣುವುದಾದರೂ ಏನು? ಮರಿ ಮಂಕಾಗುತ್ತದೆ, ಒಂದು ದಿನ ಸಾಯುತ್ತದೆ. ಮನೆಯವರು ಕೊಕ್ಕರೆ ರೋಗವೆನ್ನುತ್ತಾರೆ, ಇಲ್ಲವೆ ದೃಷ್ಟಿ ತಾಗಿತೆನ್ನುತ್ತಾರೆ. ಲಸಿಕೆ ಹಾಕಿಸಿದ ಮರಿಯೂ ಹೀಗೆ ಸತ್ತರೆ ಲಸಿಕೆಯ ಮೇಲಿನ ನಂಬಿಕೆಯೂ ಅದರೊಡನೆ ಹೋಗುತ್ತದೆ. ಇದು ಮರಿಯ ಸಾವಿಗಿಂತ ದೊಡ್ಡ ನಷ್ಟ.

ಹಾಗಾದರೆ ಎಲ್ಲಕ್ಕೂ ಒಗ್ಗುವ ಆಹಾರ ಯಾವುದು? ಮರಿಗೆ ತಕ್ಕ ಆಹಾರವನ್ನು ದೊಡ್ಡ ಕೋಳಿ ತಿಂದರೆ ಅಪಾಯವಿಲ್ಲ. ಕೊರತೆಯಾಗುವುದು ಮೊಟ್ಟೆಯ ಚಿಪ್ಪಿಗೆ ಬೇಕಾದ ಸುಣ್ಣ ಒಂದೇ. ಅದನ್ನು ಬೇರೆಯಾಗಿಯೇ ಇಡಬಹುದು. ಹುರಿದು ಪುಡಿಮಾಡಿದ ಮೊಟ್ಟೆಚಿಪ್ಪು, ಗದ್ದೆಯ ಬಸವನಹುಳುವಿನ ಚಿಪ್ಪು, ಕರಾವಳಿಯಿಂದ ಬರುವ ಕಪ್ಪೆಚಿಪ್ಪಿನ ಚೂರು, ಇವುಗಳಲ್ಲಿ ಯಾವುದಾದರೂ ಒಂದು ಅಡಕೆ ಹಾಳೆಯ ತಟ್ಟೆಯಲ್ಲಿದ್ದರೆ ಸಾಕು. (ಎಲೆಯಡಿಕೆಯ ಸುಣ್ಣವನ್ನಂತೂ ಇಡಬಾರದು; ಅದು ಬಾಯಿ ಸುಡುತ್ತದೆ.) ಒಂದು ಮೊಟ್ಟೆಯ ಚಿಪ್ಪಿಗೆ ಸುಮಾರು ೨ ಗ್ರಾಂ ಕ್ಯಾಲ್ಸಿಯಂ ಬೇಕು. ಚಿಪ್ಪು ಕಟ್ಟುವ ಕೆಲಸ ಬಹುಪಾಲು ರಾತ್ರಿ ನಡೆಯುವುದರಿಂದ ಹೇಂಟೆ ಸಂಜೆಯ ಹೊತ್ತಿಗೆ ತಾನಾಗಿ ಆ ತಟ್ಟೆಯನ್ನು ಹುಡುಕಿಕೊಂಡು ಬರುತ್ತದೆ. ನಾಟಿ ಹೇಂಟೆ ಕೆಲವು ದಿನ ಮೊಟ್ಟೆಯಿಟ್ಟು ಕಾವಿಗೆ ಕೂರುತ್ತದೆ. ಕಾವಿನ ೨೧ ದಿನ, ಆಮೇಲೆ ಮರಿ ಸಾಕುವ ವಾರಗಳು, ಅಷ್ಟೂ ಕಾಲ ಅದಕ್ಕೆ ಹೆಚ್ಚಿನ ಸುಣ್ಣ ಬೇಡ. ಬೇಕೆಂದಾಗ ತಿನ್ನುವ, ಬೇಡವೆಂದಾಗ ಬಿಡುವ ವಿವೇಕ ಕೋಳಿಗಿದೆ, ಚೀಲಕ್ಕಿಲ್ಲ.

ಆದರೆ ‘ಸ್ಟಾರ್ಟರ್’ ಚೀಲವನ್ನೂ ಕಣ್ಣುಮುಚ್ಚಿ ಕೊಳ್ಳಬಾರದು. ಮರಿಗಳ ರಕ್ತಭೇದಿ ತಡೆಯಲೆಂದು ಕೆಲವು ಚೀಲಗಳಲ್ಲಿ ಔಷಧಿ ಬೆರೆತಿರುತ್ತದೆ. ಮೊಟ್ಟೆಯಿಡುವ ಹೇಂಟೆ ಅದನ್ನು ತಿಂದರೆ ಔಷಧಿಯ ಅಂಶ ಮೊಟ್ಟೆಯ ಮೂಲಕ ಮನೆಯ ಮಕ್ಕಳ ತಟ್ಟೆಗೇ ಬರಬಹುದು. ಸಾಕುಪ್ರಾಣಿಗಳಿಗೆ ಕೊಲಿಸ್ಟಿನ್ ಎಂಬ ಪ್ರತಿಜೈವಿಕ ಕೊಡುವುದನ್ನು ಕೇಂದ್ರ ಸರ್ಕಾರ ೨೦೧೯ರಲ್ಲಿ ನಿಷೇಧಿಸಿತು. ಮನುಷ್ಯರಿಗೆ ಕಡೆಯ ಆಸರೆಯಾದ ಮದ್ದು ಕೋಳಿಯ ಮೇವಿನಲ್ಲಿ ಸವೆಯುತ್ತಿದ್ದುದೇ ಅದಕ್ಕೆ ಕಾರಣ.

ಮನೆಯ ಆಹಾರವೇ ಸಾಕೆಂಬ ವಾದವೂ ಪೂರ್ತಿ ನಿಜವಲ್ಲ. ನುಚ್ಚಿನಲ್ಲಿ ಸಸಾರಜನಕ ಶೇ. ೭-೮ರಷ್ಟು, ಮೊದಲ ಆರೆಂಟು ವಾರ ಮರಿಗೆ ಬೇಕಾದುದು ಶೇ. ೨೦ರ ಆಸುಪಾಸು. ಈ ಅಂತರವನ್ನು ಹಿಂದಿನವರು ಗೆದ್ದಲಿನಿಂದ ತುಂಬುತ್ತಿದ್ದರು. ಒದ್ದೆ ಹುಲ್ಲು, ಸಗಣಿ ತುಂಬಿದ ಹಳೆಯ ಮಡಕೆಯನ್ನು ಸಂಜೆ ಹುತ್ತದ ಬಳಿ ಬೋರಲು ಹಾಕಿದರೆ ಬೆಳಿಗ್ಗೆಗೆ ಗೆದ್ದಲು ಸಿದ್ಧ. ಬೇಯಿಸಿ ಅರೆದ ಹುರುಳಿಯೂ ಒಳ್ಳೆಯದೇ. ಒಣಮೀನಿನ ಚೂರನ್ನು ಮಾತ್ರ ತೊಳೆದು ಉಪ್ಪು ತೆಗೆದು ಕೊಡಬೇಕು. ದೊಡ್ಡ ಕೋಳಿ ತಡೆದುಕೊಳ್ಳುವ ಉಪ್ಪು ಮರಿಯ ಪ್ರಾಣ ತೆಗೆಯಬಲ್ಲದು. ಮಳೆಗಾಲದಲ್ಲಿ ಬೂಷ್ಟು ಹಿಡಿದ ಜೋಳ, ಶೇಂಗಾ ಹಿಂಡಿಗಳನ್ನು ‘ಕೋಳಿಗಾದರೂ ಆಗಲಿ’ ಎಂದು ಸುರಿಯುವ ರೂಢಿಯಂತೂ ನಿಲ್ಲಲೇಬೇಕು. ಆ ಬೂಷ್ಟಿನ ಅಫ್ಲಾಟಾಕ್ಸಿನ್ ವಿಷಕ್ಕೆ ಮೊದಲು ಬಲಿಯಾಗುವುದೂ ಎಳೆಯವೇ.

ಇಷ್ಟು ಮಾಡಿದರೂ ದೊಡ್ಡ ಕೋಳಿಗಳು ಮರಿಗಳ ಪಾಲನ್ನು ಕಸಿಯುತ್ತವೆ. ಬಿದಿರಿನ ದಬ್ಬೆಗಳನ್ನು ಎರಡು ಅಂಗುಲದ ಅಂತರದಲ್ಲಿ ಕಟ್ಟಿದ ಪಂಜರದೊಳಗೆ ಮರಿಗಳ ತಟ್ಟೆಯಿಟ್ಟರೆ ಮರಿ ನುಸುಳುತ್ತದೆ, ಹೇಂಟೆಗೆ ತಲೆ ತೂರಿಸಿದರೂ ಮೈ ಹಿಡಿಸದು. ತಟ್ಟೆ ಮಾತ್ರ ಅಂಚಿನಿಂದ ಒಂದು ಗೇಣು ಒಳಗಿರಬೇಕು.

ಗೆದ್ದಲಿಗೆಂದು ತೋಟಕ್ಕೆ ಸುರಿಯುವ ಕ್ಲೋರ್‌ಪೈರಿಫಾಸ್, ಕಳೆನಾಶಕಗಳ ವಿಚಾರವೂ ಇಲ್ಲಿಯೇ ಬರುತ್ತದೆ. ಹುಳುವಿಲ್ಲದ ನೆಲದಲ್ಲಿ ಕೆದಕುವ ಕೋಳಿಗೆ ಚೀಲವೇ ಗತಿ. ತೋಟಕ್ಕೆ ವಿಷ, ಕೋಳಿಗೆ ಚೀಲ ಎಂದು ಎರಡು ಬಾರಿ ಹಣ ತೆರುವ ಮನೆ ಹಿತ್ತಲ ಕೋಳಿಯಿಂದ ಲಾಭವಿಲ್ಲವೆಂದರೆ ಅದರಲ್ಲಿ ಕೋಳಿಯ ತಪ್ಪೇನಿದೆ?

ಸರ್ಕಾರಿ ಯೋಜನೆಗಳಲ್ಲಿ ಗಿರಿರಾಜ, ಸ್ವರ್ಣಧಾರ ಮರಿಗಳನ್ನು ಹಂಚುವಾಗ ಮಹಿಳಾ ಸಂಘಗಳು ಗ್ರಾಮಸಭೆಯಲ್ಲಿ ಕೇಳಬೇಕಾದುದು ಇನ್ನೂ ಹತ್ತು ಮರಿಗಳನ್ನಲ್ಲ. ಚೀಲದಲ್ಲಿ ಎಷ್ಟು ಸುಣ್ಣವಿದೆ, ಯಾವ ಔಷಧಿ ಬೆರೆತಿದೆ, ಎಷ್ಟು ವಾರದ ಹಕ್ಕಿಗೆ ಅದು ತಕ್ಕುದು ಎಂಬುದನ್ನು ಕನ್ನಡದಲ್ಲಿ ಬರೆದ ಒಂದು ಚೀಟಿ, ಜೊತೆಗೆ ಒಂದು ಸೇರು ಚಿಪ್ಪಿನ ಪುಡಿ.